ಮೂರು ವೈರಿನ ಟೋಕನ್ ಬೋರ್ಡು: ಶಿಫ್ಟ್ ರಿಜಿಸ್ಟರ್ ತಿಳಿದುಕೊಂಡು ಕಟ್ಟುವ ಬಗೆ

ಆರ್ಡುಯಿನೋ ಊನೋ ಅಂದರೆ ನಾವು ಬರೆದ ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡು, ಅದರಲ್ಲಿ ಡಿಜಿಟಲ್ ಪಿನ್ನುಗಳು 14. ಅವುಗಳಲ್ಲಿ 0 ಮತ್ತು 1 ಕಂಪ್ಯೂಟರ್ ಜೊತೆ ಮಾತಾಡುವುದಕ್ಕೆ ಮೀಸಲು. ಉಳಿದದ್ದು 12. ಅನಲಾಗ್ ಪಿನ್ನು ಆರನ್ನೂ ಎಳೆದು ತಂದರೆ 18. ಏಳು ಗೆರೆ ಬೆಳಗಿಸಿ ಅಂಕಿ ತೋರಿಸುವ ಒಂದು ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇಗೆ ಚುಕ್ಕೆ ಸೇರಿ 8 ವೈರು ಬೇಕು. ಎರಡು ಅಂಕಿಗೆ 16. ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಅಂತ ಎರಡು ಬಟನ್ ಹಾಕಿದರೆ ಅಲ್ಲಿಗೆ ಬೋರ್ಡು ಭರ್ತಿ. ಮೂರನೇ ಅಂಕಿ ಕೇಳಿದರೆ ಕೈ ಎತ್ತಬೇಕು.

ಮುಂಬಯಿಯ ಮಾಟುಂಗಾ, ಚೆಂಬೂರು, ಡೊಂಬಿವಲಿ ಕಡೆಯ ನಮ್ಮವರ ಹೋಟೆಲುಗಳಲ್ಲಿ ಸಂಜೆ ಹೊತ್ತು ಪಾರ್ಸೆಲ್ ಕೌಂಟರ್ ಎದುರು ನಿಂತು ನೋಡಿ. ಡೆಲಿವರಿ ಹುಡುಗರು, ಲೋಕಲ್ ಇಳಿದು ಮನೆಗೆ ಹೊರಟವರು ಎಲ್ಲ ಒಟ್ಟಿಗೆ ಚೀಟಿ ಚಾಚುತ್ತಾರೆ. ಒಳಗಿನವರು 'ಬಯಾಲೀಸ್, ಬಯಾಲೀಸ್' ಅಂತ ಕೂಗುತ್ತಲೇ ಇರುತ್ತಾರೆ. 42ನೇ ನಂಬರಿನವರು ಫೋನಿನಲ್ಲಿ ಮುಳುಗಿರುತ್ತಾರೆ. ಅಂಥ ಕೌಂಟರಿಗೆ ಎರಡು ಅಂಕಿಯ ಒಂದು ಟೋಕನ್ ಬೋರ್ಡು ಕಟ್ಟೋಣ. ನಡುವೆ ಶಿಫ್ಟ್ ರಿಜಿಸ್ಟರ್ ಎಂಬ ಚಿಪ್ಪು ಇಟ್ಟರೆ ಆರ್ಡುಯಿನೋದಿಂದ ಡಿಸ್‌ಪ್ಲೇಗೆ ಹೋಗುವ ಸಿಗ್ನಲ್ ವೈರು ಮೂರೇ. ಅಂಕಿ ಎರಡಿದ್ದರೂ ಮೂರು, ಹತ್ತಿದ್ದರೂ ಮೂರು.

ಪಿನ್ ಉಳಿಸಲು ಮಲ್ಟಿಪ್ಲೆಕ್ಸಿಂಗ್ ಅಂತ ಇನ್ನೊಂದು ದಾರಿ ಇದೆ. ಅಂಕಿಗಳನ್ನು ಒಂದಾದ ಮೇಲೆ ಒಂದರಂತೆ ಬೇಗ ಬೇಗ ಬೆಳಗಿಸಿ ಕಣ್ಣಿಗೆ ಮೋಸ ಮಾಡುವುದು. ವೈರು ಉಳಿಯುತ್ತದೆ ನಿಜ. ಆದರೆ ಪ್ರೊಸೆಸರ್ ಸ್ವಲ್ಪ ಹೊತ್ತು ಬೇರೆ ಕೆಲಸಕ್ಕೆ ಹೋದರೆ ಬೋರ್ಡು ಮಿಣುಕುತ್ತದೆ, ಬೆಳಕೂ ಕಡಿಮೆ. ಟ್ಯೂಬ್‌ಲೈಟ್ ಕೆಳಗೆ ಓದಬೇಕಾದ ಬೋರ್ಡಿಗೆ ನನ್ನ ಓಟು ಶಿಫ್ಟ್ ರಿಜಿಸ್ಟರಿಗೇ.

ಒಳಗೆ ನಡೆಯುವುದು ಏನು

ಶಿಫ್ಟ್ ರಿಜಿಸ್ಟರ್ ಅಂದರೆ ಫ್ಲಿಪ್‌ಫ್ಲಾಪ್‌ಗಳ ಸಾಲು. ಒಂದು ಡಿ ಫ್ಲಿಪ್‌ಫ್ಲಾಪ್ ಒಂದೇ ಬಿಟ್ ನೆನಪಿಡುತ್ತದೆ, ಸೊನ್ನೆ ಇಲ್ಲವೇ ಒಂದು. ಅದಕ್ಕೆ ಕ್ಲಾಕ್ ಅಂತ ಒಂದು ಪಿನ್. ಕ್ಲಾಕ್ ಸೊನ್ನೆಯಿಂದ ಒಂದಕ್ಕೆ ಏರುವ ಆ ಅಂಚಿನಲ್ಲಿ ಇನ್‌ಪುಟ್‌ನಲ್ಲಿ ಏನಿದೆಯೋ ಅದನ್ನು ಹಿಡಿದು ಔಟ್‌ಪುಟ್‌ಗೆ ಕೊಡುತ್ತದೆ. ಮುಂದಿನ ಅಂಚು ಬರುವವರೆಗೆ ಇನ್‌ಪುಟ್ ಎಷ್ಟು ಕುಣಿದರೂ ಅದಕ್ಕೆ ಲೆಕ್ಕವಿಲ್ಲ.

ಅಂಥ ಎಂಟನ್ನು ಸಾಲಾಗಿ ಜೋಡಿಸಿ, ಒಂದರ ಔಟ್‌ಪುಟ್ಟನ್ನು ಮುಂದಿನದರ ಇನ್‌ಪುಟ್‌ಗೆ ಕೊಡಿ. ಕ್ಲಾಕ್ ಎಲ್ಲಕ್ಕೂ ಒಂದೇ. ಪ್ರತಿ ಕ್ಲಾಕಿಗೆ ಎಲ್ಲ ಬಿಟ್ಟುಗಳೂ ಒಂದೊಂದು ಮನೆ ಮುಂದಕ್ಕೆ ಸರಿಯುತ್ತವೆ, ಮೊದಲ ಮನೆಗೆ ಹೊಸ ಬಿಟ್ ಬರುತ್ತದೆ, ಕೊನೆಯದು ಹೊರಗೆ ಬೀಳುತ್ತದೆ.

ಇಲ್ಲಿ ಒಂದು ಅನುಮಾನ ಬರಬೇಕು. ಕ್ಲಾಕ್ ಎಲ್ಲಕ್ಕೂ ಒಟ್ಟಿಗೇ ಬಂದರೆ, ಮೊದಲನೆಯದಕ್ಕೆ ಹೋದ ಬಿಟ್ ಅದೇ ಏಟಿಗೆ ಎರಡನೆಯದಕ್ಕೆ, ಮೂರನೆಯದಕ್ಕೆ ಅಂತ ಕೊನೆವರೆಗೂ ಓಡಿಹೋಗಬೇಕಲ್ವಾ? ಹೋಗುವುದಿಲ್ಲ. ಅಂಚು ಬಂದ ಮೇಲೆ ಫ್ಲಿಪ್‌ಫ್ಲಾಪಿನ ಔಟ್‌ಪುಟ್ ಬದಲಾಗಲು ಕೆಲವು ನ್ಯಾನೋಸೆಕೆಂಡ್ ಹಿಡಿಯುತ್ತದೆ. ಅಷ್ಟರೊಳಗೆ ಪಕ್ಕದ್ದು ಹಳೇ ಬೆಲೆಯನ್ನು ಹಿಡಿದುಕೊಂಡು ಆಗಿರುತ್ತದೆ. ಇಡೀ ಸಾಲು ನಿಂತಿರುವುದು ಈ ಸಣ್ಣ ತಡದ ಮೇಲೆ. ಆದ್ದರಿಂದಲೇ ಕ್ಲಾಕಿನ ಅಂಚು ಚೊಕ್ಕವಾಗಿರಬೇಕು. ಅದು ಏರುವಾಗ ಎರಡು ಸಲ ನಡುಗಿದರೆ ಚಿಪ್ಪು ಎರಡು ಕ್ಲಾಕ್ ಅಂತ ಎಣಿಸುತ್ತದೆ, ಬಿಟ್ಟುಗಳು ಒಂದು ಮನೆ ಜಾಸ್ತಿ ಸರಿಯುತ್ತವೆ. ಉದ್ದ ವೈರಿನ ತಾಪತ್ರಯ ಬಹುಪಾಲು ಇದೇ.

ಈ ಉಪಾಯ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗುಪ್ತಸಂದೇಶ ಒಡೆಯಲು ಕಟ್ಟಿದ ಕೊಲೊಸಸ್ ಯಂತ್ರದ 1944ರ ಮಾದರಿಯಲ್ಲಿ ವಾಲ್ವ್‌ಗಳಿಂದ ಮಾಡಿದ ಶಿಫ್ಟ್ ರಿಜಿಸ್ಟರ್ ಇತ್ತು. 1976ರ ಆ್ಯಪಲ್-1 ಕಂಪ್ಯೂಟರ್ ತೆರೆಯ ಮೇಲಿನ ಅಕ್ಷರಗಳನ್ನು ನೆನಪಿಟ್ಟಿದ್ದೂ ಶಿಫ್ಟ್ ರಿಜಿಸ್ಟರುಗಳಲ್ಲೇ. ಇವತ್ತು ಮೆಡಿಕಲ್ ಶಾಪಿನ ಮುಂದೆ ಕೆಂಪು ಅಕ್ಷರ ಓಡುವ ಪಿ10 ಪ್ಯಾನೆಲ್ ಹಿಂಬದಿ ತಿರುಗಿಸಿ ನೋಡಿದರೆ ನಾವು ಬಳಸಲಿರುವ 595 ಚಿಪ್ಪೇ ಸಾಲಾಗಿ ಕೂತಿರುತ್ತದೆ. 32ಕ್ಕೆ 16ರ ಒಂದು ಬಣ್ಣದ ಪ್ಯಾನೆಲಿನಲ್ಲಿ ಸಾಮಾನ್ಯವಾಗಿ ಹದಿನಾರು.

595ರ ಹೆಚ್ಚುಗಾರಿಕೆ: ಲ್ಯಾಚ್

74ಎಚ್‌ಸಿ164 ಅಂತ ಒಂದು ಚಿಪ್ಪಿದೆ. ಬರೀ ಸಾಲು, ಮತ್ತೇನಿಲ್ಲ. ಬಿಟ್ ಸರಿಯುವುದೆಲ್ಲ ಹೊರಗೆ ಕಾಣುತ್ತದೆ. ಅಂಕಿ ಬದಲಾಗುವಾಗಲೆಲ್ಲ ಬೇಡದ ಸೆಗ್ಮೆಂಟುಗಳು ಒಂದು ಕ್ಷಣ ಹತ್ತಿ ಆರುತ್ತವೆ. ಎಲ್‌ಇಡಿಗಾದರೆ ಕಣ್ಣಿಗೆ ಗೊತ್ತಾಗದೇ ಹೋಗಬಹುದು. ಅದೇ ಜಾಗದಲ್ಲಿ ಮೋಟಾರಿನ ಡ್ರೈವರ್ ಇದ್ದರೆ?

74ಎಚ್‌ಸಿ595ರಲ್ಲಿ ಎಂಟು ಫ್ಲಿಪ್‌ಫ್ಲಾಪಿನ ಎರಡು ಸಾಲುಗಳಿವೆ. ಮೊದಲನೆಯದು ಸರಿಸುವ ಸಾಲು. ಎರಡನೆಯದು ತೋರಿಸುವ ಸಾಲು. ಯಕ್ಷಗಾನದ ಒಡ್ಡೋಲಗದಲ್ಲಿ ವೇಷದ ಮುಂದೆ ತೆರೆ ಹಿಡಿಯುತ್ತಾರಲ್ಲ, ಹಾಗೆ. ತೆರೆಯ ಹಿಂದೆ ಯಾರು ಎಲ್ಲಿಗೆ ಸರಿದರೂ ಸಭೆಗೆ ಕಾಣುವುದಿಲ್ಲ. ಲ್ಯಾಚ್ ಪಿನ್ನಿಗೆ ಒಂದು ಪಲ್ಸ್ ಕೊಟ್ಟಾಗ ಮೊದಲ ಸಾಲಿನಲ್ಲಿ ಇದ್ದದ್ದು ಎಂಟೂ ಒಂದೇ ಬಾರಿಗೆ ಎರಡನೇ ಸಾಲಿಗೆ ಬಂದು ಹೊರಗೆ ಕಾಣುತ್ತದೆ. ಸರಿಸುವುದು ಬೇರೆ, ತೋರಿಸುವುದು ಬೇರೆ. 595 ಇಷ್ಟು ಕಡೆ ಕಾಣಿಸಿಕೊಳ್ಳಲು ಕಾರಣವೇ ಇದು.

ಪಿನ್ನುಗಳನ್ನು ಒಮ್ಮೆ ಮನಸ್ಸಿಗೆ ಹಾಕಿಕೊಳ್ಳಿ. ಚಿಪ್ಪಿನ ಕಚ್ಚು ಮೇಲಕ್ಕಿದ್ದರೆ ಎಡ ಮೇಲಿನದು 1, ಎಡಗಡೆ ಕೆಳಗೆ ಇಳಿದು 8, ಬಲಗಡೆ ಕೆಳಗಿನಿಂದ 9 ಶುರುವಾಗಿ ಮೇಲೆ 16. ಔಟ್‌ಪುಟ್‌ಗಳು ಎ-ಯಿಂದ ಎಚ್‌ವರೆಗೆ ಎಂಟು. ಎ ಮಾತ್ರ 15ನೇ ಪಿನ್ನಿನಲ್ಲಿ ಒಂಟಿಯಾಗಿದೆ, ಬಿ-ಯಿಂದ ಎಚ್‌ವರೆಗೆ 1ರಿಂದ 7. ಈ ಒಂಟಿ ಎ-ಯನ್ನು ಮರೆತು 1ನೇ ಪಿನ್ನಿನಿಂದಲೇ ವೈರ್ ಹಾಕಿ ಅಂಕಿ ಸೊಟ್ಟ ಬಂತು ಅನ್ನುವವರು ಬಹಳ. 8 ಗ್ರೌಂಡ್, 16 ಪವರ್. 14 ಡೇಟಾ, 11 ಕ್ಲಾಕ್, 12 ಲ್ಯಾಚ್. 13 ಔಟ್‌ಪುಟ್ ಎನೇಬಲ್, ಅದು ಸೊನ್ನೆ ಇದ್ದಾಗ ಮಾತ್ರ ಔಟ್‌ಪುಟ್ ಜೀವಂತ. 10 ಕ್ಲಿಯರ್, ಅದಕ್ಕೆ ಸೊನ್ನೆ ಕೊಟ್ಟರೆ ಸರಿಸುವ ಸಾಲು ಅಳಿಸಿಹೋಗುತ್ತದೆ, ಆದ್ದರಿಂದ ನೇರ 5 ವೋಲ್ಟಿಗೆ ಕಟ್ಟಿಬಿಡಿ. 9 ಕೊನೆಯ ಫ್ಲಿಪ್‌ಫ್ಲಾಪಿನಿಂದ ಹೊರಬೀಳುವ ಬಿಟ್, ಮುಂದಿನ ಚಿಪ್ಪಿಗೆ ಹೋಗುವ ಬಾಗಿಲು.

ಲ್ಯಾಮಿಂಗ್ಟನ್ ರೋಡಿನಲ್ಲಿ ಸಾಮಾನು

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ಬಂದರೆ ನಡೆದು ಹೋಗುವಷ್ಟು ದೂರ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತಿರುತ್ತದೆ, ಜನ ಹೇಳುವುದು ಲ್ಯಾಮಿಂಗ್ಟನ್ ರೋಡ್ ಅಂತಲೇ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಸಣ್ಣ ಕೌಂಟರುಗಳಲ್ಲಿ ಬಿಡಿ ಸಾಮಾನು ಸಿಗುತ್ತದೆ, ಆದರೆ ಅಲ್ಲಿ ಯೋಚಿಸುತ್ತಾ ನಿಲ್ಲುವುದಕ್ಕೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ಚೀಟಿ ಬರೆದುಕೊಂಡು ಹೋಗಿ.

ಚೀಟಿಯಲ್ಲಿ ಇಷ್ಟು ಇರಲಿ. 74ಎಚ್‌ಸಿ595 ಡಿಪ್ ಪ್ಯಾಕೇಜಿನದು, ಬೇಕಾದದ್ದು ಎರಡು, ತರುವುದು ನಾಲ್ಕು. 'ಡಿಪ್' ಅಂತ ಹೇಳದಿದ್ದರೆ ಬ್ರೆಡ್‌ಬೋರ್ಡಿಗೆ ಕೂರದ ಎಸ್‌ಎಂಡಿ ಚಿಪ್ಪು ಕೈಗೆ ಬರುವ ಸಾಧ್ಯತೆ ಇದೆ. 0.56 ಇಂಚಿನ ಒಂದಂಕಿಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಎರಡು, ಕೆಂಪು, ಕಾಮನ್ ಕ್ಯಾಥೋಡ್ (ಎಲ್ಲ ಸೆಗ್ಮೆಂಟಿನ ಮೈನಸ್ ತುದಿ ಒಂದೇ ಕಡೆ ಸೇರಿದ್ದು; ಪ್ಲಸ್ ತುದಿ ಸೇರಿದ್ದರೆ ಕಾಮನ್ ಅನೋಡ್). ಕಾಲು ವಾಟಿನ 470 ಓಮ್ ರೆಸಿಸ್ಟರ್ ಹದಿನಾರು. 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ನಾಲ್ಕಾರು, 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಒಂದು. 10 ಕಿಲೋ ಓಮ್, 4.7 ಕಿಲೋ ಓಮ್ ರೆಸಿಸ್ಟರ್ ಕೆಲವು. ಎರಡು ಪುಶ್ ಬಟನ್, ಎಂಟು ಬಿಡಿ ಎಲ್‌ಇಡಿ, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಸಾಮಾನು ಚುಚ್ಚಿ ಜೋಡಿಸುವ ತೂತಿನ ಹಲಗೆ), ಜಂಪರ್ ವೈರು, ಊನೋ ಇಲ್ಲವೇ ನ್ಯಾನೋ.

'ಕಾಮನ್ ಕ್ಯಾಥೋಡ್ ಚಾಹಿಯೇ ಕಿ ಅನೋಡ್?' ಅಂತ ಅಂಗಡಿಯವರು ಕೇಳಿಯೇ ಕೇಳುತ್ತಾರೆ. ನೋಡುವುದಕ್ಕೆ ಎರಡೂ ಒಂದೇ ಥರ. ಮನೆಗೆ ಬಂದ ಮೇಲೆ ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕಪ್ಪು ಪ್ರೋಬನ್ನು ಡಿಸ್‌ಪ್ಲೇಯ ನಡುವಿನ ಪಿನ್ನಿಗೆ, ಅಂದರೆ 3 ಅಥವಾ 8ಕ್ಕೆ ಇಟ್ಟು, ಕೆಂಪನ್ನು ಉಳಿದ ಪಿನ್ನುಗಳಿಗೆ ಮುಟ್ಟಿಸಿ. ಸೆಗ್ಮೆಂಟ್ ಮಂದವಾಗಿ ಹತ್ತಿದರೆ ಕ್ಯಾಥೋಡ್. ಪ್ರೋಬ್ ಅದಲು ಬದಲು ಮಾಡಿದಾಗ ಹತ್ತಿದರೆ ಅನೋಡ್. ಅನೋಡ್ ಬಂದಿದ್ದರೂ ಓಡಿಹೋಗಿ ಬದಲಿಸಬೇಕಾಗಿಲ್ಲ, ದಾರಿ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ನಿಧಾನಕ್ಕೆ ಓಡಿಸಿ ನೋಡಿ

ಅಂಕಿಗೆ ಕೈ ಹಾಕುವ ಮೊದಲು ಒಂದು 595ಕ್ಕೆ ಎಂಟು ಎಲ್‌ಇಡಿ ಕಟ್ಟಿ. ಪ್ರತಿ ಔಟ್‌ಪುಟ್‌ನಿಂದ 470 ಓಮ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡಿಗೆ. ಎಲ್‌ಇಡಿಗಳನ್ನು ಎ-ಯಿಂದ ಎಚ್‌ವರೆಗೆ ಎಡದಿಂದ ಬಲಕ್ಕೆ ಸಾಲಾಗಿ ಇಡಿ. ಚಿಪ್ಪಿನ 16 ಮತ್ತು 8ನೇ ಪಿನ್ನಿನ ನಡುವೆ, ಆದಷ್ಟು ಹತ್ತಿರ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಚುಚ್ಚಿ. ಇದನ್ನು ಬಿಟ್ಟರೂ ಮೇಜಿನ ಮೇಲೆ ಕೆಲಸ ಮಾಡುತ್ತದೆ, ಹೋಟೆಲಿನಲ್ಲಿ ಕೈ ಕೊಡುತ್ತದೆ. ಚಿಪ್ಪಿನ 10 ಪವರಿಗೆ. 13 ಸದ್ಯಕ್ಕೆ ಗ್ರೌಂಡಿಗೆ.

ಸಿಗ್ನಲ್ ಮೂರು: ಆರ್ಡುಯಿನೋದ 11ನೇ ಪಿನ್ ಚಿಪ್ಪಿನ ಡೇಟಾಕ್ಕೆ, ಆರ್ಡುಯಿನೋದ 13 ಚಿಪ್ಪಿನ ಕ್ಲಾಕಿಗೆ, ಆರ್ಡುಯಿನೋದ 10 ಚಿಪ್ಪಿನ ಲ್ಯಾಚಿಗೆ. ಬೇರೆ ಪಿನ್ನಾದರೂ ನಡೆಯುತ್ತದೆ. ಆದರೆ ಊನೋದಲ್ಲಿ 11 ಮತ್ತು 13 ಎಸ್‌ಪಿಐ ಎಂಬ ವೇಗದ ದಾರಿಯ ಪಿನ್ನುಗಳು. ನಾಳೆ ವೇಗ ಬೇಕು ಅನಿಸಿದರೆ ವೈರು ಮುಟ್ಟದೆ ಕೋಡ್ ಮಾತ್ರ ಬದಲಿಸಬಹುದು.

ಈಗ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಡೇಟಾ ಪಿನ್ನಿಗೆ ಒಂದು ಬಿಟ್ ಇಡಿ, ಕ್ಲಾಕ್ ಏರಿಸಿ ಇಳಿಸಿ, ಲ್ಯಾಚ್ ಏರಿಸಿ ಇಳಿಸಿ, ಒಂದು ಸೆಕೆಂಡ್ ಕಾಯಿರಿ. ಹೀಗೆ ಎಂಟು ಸಲ. ಕಳಿಸುವ ಬಿಟ್ಟುಗಳು ಈ ಕ್ರಮದಲ್ಲಿ: 0, 1, 0, 1, 1, 0, 1, 1.

ಮೊದಲ ಕ್ಲಾಕಿಗೆ ಎ-ಯಲ್ಲಿ 0. ಎರಡನೆಯದಕ್ಕೆ ಆ 0 ಬಿ-ಗೆ ಸರಿದು ಎ-ಯಲ್ಲಿ 1. ಮೂರನೆಯದಕ್ಕೆ ಎ 0, ಬಿ 1, ಸಿ 0. ನಾಲ್ಕನೆಯದಕ್ಕೆ ಎ 1, ಬಿ 0, ಸಿ 1, ಡಿ 0. ಎಂಟು ಮುಗಿದಾಗ ಮೊದಲು ಕಳಿಸಿದ 0 ಎಚ್ ತಲುಪಿರುತ್ತದೆ. ಎಡದಿಂದ ನೋಡಿದರೆ ಎ 1, ಬಿ 1, ಸಿ 0, ಡಿ 1, ಇ 1, ಎಫ್ 0, ಜಿ 1, ಎಚ್ 0. ಮೊದಲು ಹೋದದ್ದು ಅತಿ ದೂರ ಹೋಗುತ್ತದೆ. ಇದೊಂದು ಮಾತು ಗಟ್ಟಿಯಾದರೆ ಮುಂದೆ ಎಲ್ಲೂ ಗೊಂದಲವಿಲ್ಲ.

ಅದೇ ಪ್ರೋಗ್ರಾಮಿನಲ್ಲಿ ಲ್ಯಾಚಿನ ಸಾಲನ್ನು ತೆಗೆದು ಎಂಟೂ ಮುಗಿದ ಮೇಲೆ ಒಮ್ಮೆ ಮಾತ್ರ ಹಾಕಿ. ಎಂಟು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಎಲ್ಲ ಒಟ್ಟಿಗೆ ಬದಲಾಗುತ್ತದೆ. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ. ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಆರ್ಡುಯಿನೋ ಯಾಕೆ, ಕ್ಲಾಕಿಗೆ ಸುಮ್ನೆ ಒಂದು ಬಟನ್ ಕಟ್ಟಿ ಒತ್ತಿದರಾಯಿತಲ್ಲ ಅನ್ನಬಹುದು. ಬಟನ್ನಿನೊಳಗಿನ ತಗಡು ಒಂದು ಸಲ ಒತ್ತಿದರೆ ಹಲವು ಸಲ ಪುಟಿಯುತ್ತದೆ. ಒಂದು ಒತ್ತಿಗೆ ಮೂರ್ನಾಲ್ಕು ಮನೆ ಹಾರಿ ತಲೆ ಕೆಡುತ್ತದೆ. ಬಟನ್ನೇ ಬೇಕಿದ್ದರೆ ನಡುವೆ 10 ಕಿಲೋ ಓಮ್, 1 ಮೈಕ್ರೋಫ್ಯಾರಡ್ ಮತ್ತು ನಡುಗುವ ಅಂಚನ್ನು ಚೊಕ್ಕ ಮಾಡುವ 74ಎಚ್‌ಸಿ14 ಚಿಪ್ಪು ಹಾಕಿ.

ರೆಸಿಸ್ಟರ್ ಲೆಕ್ಕ ತಪ್ಪಿಸಬೇಡಿ

470 ಓಮ್ ಯಾಕೆ? ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. 5ರಲ್ಲಿ ಉಳಿದ 3 ವೋಲ್ಟನ್ನು 470ರಿಂದ ಭಾಗಿಸಿದರೆ 6.4 ಮಿಲಿಆಂಪ್. '8' ತೋರಿಸುವಾಗ ಏಳು ಸೆಗ್ಮೆಂಟ್ ಹತ್ತುತ್ತವೆ, ಒಟ್ಟು ಸುಮಾರು 45. 74ಎಚ್‌ಸಿ595ರ ಪವರ್ ಪಿನ್ನಿನ ಮೂಲಕ ಹರಿಯಬಹುದಾದ ಒಟ್ಟು ಕರೆಂಟಿನ ಮೇರೆ 70 ಮಿಲಿಆಂಪ್. ಆರಾಮಾಗಿ ಒಳಗಿದ್ದೇವೆ.

ಎಲ್ಲೆಲ್ಲೂ ಕಾಣುವ ಚಿತ್ರಗಳಲ್ಲಿ 220 ಓಮ್ ಇರುತ್ತದೆ. ಅದರಲ್ಲಿ ಒಂದು ಸೆಗ್ಮೆಂಟಿಗೆ 13.6, ಏಳಕ್ಕೆ 95 ಮಿಲಿಆಂಪ್. ಮೇರೆ ದಾಟಿತು. ಚಿಪ್ಪು ತಕ್ಷಣ ಸುಡುವುದಿಲ್ಲ, ಅದಕ್ಕೇ ಜನ ಧೈರ್ಯ ಮಾಡುತ್ತಾರೆ. ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಹತ್ತಿರಬೇಕಾದ ಬೋರ್ಡಿಗೆ ಆ ಧೈರ್ಯ ಬೇಡ.

ಇನ್ನೊಂದು ಅಗ್ಗದ ಆಸೆ: ಏಳು ರೆಸಿಸ್ಟರ್ ಬದಲು ಕಾಮನ್ ಪಿನ್ನಿಗೆ ಒಂದೇ ಹಾಕುವುದು. ಆಗ '1' ಝಗ್ಗನೆ ಹೊಳೆಯುತ್ತದೆ, '8' ಮಂಕಾಗುತ್ತದೆ. ಸೆಗ್ಮೆಂಟಿಗೆ ಒಂದೊಂದು ಇರಲಿ.

ಎರಡನೇ ಹೆಜ್ಜೆ: ಅಂಕಿ

ಎಲ್‌ಇಡಿಗಳ ಜಾಗಕ್ಕೆ ಡಿಸ್‌ಪ್ಲೇ ತನ್ನಿ. ಸೆಗ್ಮೆಂಟುಗಳಿಗೂ ಎ-ಯಿಂದ ಜಿ-ವರೆಗೆ ಹೆಸರಿದೆ. ನೆತ್ತಿಯದು ಎ. ಅಲ್ಲಿಂದ ಗಡಿಯಾರದ ದಿಕ್ಕಿನಲ್ಲಿ ಬಿ, ಸಿ, ಡಿ, ಇ, ಎಫ್. ನಡುವಿನ ಅಡ್ಡಗೆರೆ ಜಿ. ಚಿಪ್ಪಿನ ಎ-ಯನ್ನು ಸೆಗ್ಮೆಂಟ್ ಎ-ಗೆ, ಬಿ-ಯನ್ನು ಬಿ-ಗೆ ಹೀಗೇ ಕಟ್ಟಿ, ಎಚ್ ಚುಕ್ಕೆಗೆ. 0.56 ಇಂಚಿನ ಡಿಸ್‌ಪ್ಲೇಗಳಲ್ಲಿ ಸಾಮಾನ್ಯವಾಗಿ ಕೆಳಸಾಲಿನಲ್ಲಿ ಎಡದಿಂದ ಇ, ಡಿ, ಕಾಮನ್, ಸಿ, ಚುಕ್ಕೆ. ಮೇಲ್ಸಾಲಿನಲ್ಲಿ ಎಡದಿಂದ ಜಿ, ಎಫ್, ಕಾಮನ್, ಎ, ಬಿ. ಆದರೂ ಮೀಟರಿನಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಎ-ಗೆ 1, ಬಿ-ಗೆ 2, ಸಿ-ಗೆ 4, ಡಿ-ಗೆ 8, ಇ-ಗೆ 16, ಎಫ್‌ಗೆ 32, ಜಿ-ಗೆ 64, ಚುಕ್ಕೆಗೆ 128 ಅಂತ ಬೆಲೆ ಕಟ್ಟಿ. ಹತ್ತಬೇಕಾದವುಗಳ ಬೆಲೆ ಕೂಡಿದರೆ ಆ ಅಂಕಿಯ ಕೋಡ್. '2'ಕ್ಕೆ ಎ, ಬಿ, ಡಿ, ಇ, ಜಿ ಹತ್ತಬೇಕು: 1, 2, 8, 16, 64 ಕೂಡಿದರೆ 91. ಇದನ್ನು ಬಿಟ್ಟುಗಳಾಗಿ ಬರೆದರೆ 01011011. ಮೊದಲ ಹೆಜ್ಜೆಯಲ್ಲಿ ಎಲ್‌ಇಡಿಗಳ ಮೇಲೆ ಓಡಿಸಿದ್ದು ಇದನ್ನೇ.

ಸೊನ್ನೆಯಿಂದ ಒಂಬತ್ತರವರೆಗಿನ ಕೋಡ್ ಹೀಗೆ ಬರುತ್ತದೆ: 63, 6, 91, 79, 102, 109, 125, 7, 127, 111. ಕಾಮನ್ ಅನೋಡ್ ಡಿಸ್‌ಪ್ಲೇ ತಂದವರು ಕಾಮನ್ ಪಿನ್ನನ್ನು ಗ್ರೌಂಡಿನ ಬದಲು 5 ವೋಲ್ಟಿಗೆ ಕೊಟ್ಟು, ಪ್ರತಿ ಕೋಡನ್ನೂ 255ರಿಂದ ಕಳೆದು ಕಳಿಸಿ. ಅಷ್ಟೇ ವ್ಯತ್ಯಾಸ.

ಮೂರನೇ ಹೆಜ್ಜೆ: ಎರಡನೇ ಚಿಪ್ಪು ಕೊಂಡಿ ಹಾಕುವುದು

ಮೊದಲ ಚಿಪ್ಪಿನ 9ನೇ ಪಿನ್ನಿನಿಂದ ಎರಡನೆಯದರ 14ಕ್ಕೆ ಒಂದು ವೈರು. ಎರಡರ 11ನ್ನೂ ಒಟ್ಟಿಗೆ, ಎರಡರ 12ನ್ನೂ ಒಟ್ಟಿಗೆ ಕಟ್ಟಿ. ಎರಡನೇ ಚಿಪ್ಪಿಗೂ ಅದರದೇ ಕೆಪಾಸಿಟರ್. ಈಗ ಅದು 16 ಮನೆಯ ಒಂದೇ ಸಾಲು.

ಆರ್ಡುಯಿನೋಗೆ ಹತ್ತಿರದ ಚಿಪ್ಪು ಬಿಡಿ ಸ್ಥಾನಕ್ಕೆ, ದೂರದ್ದು ಹತ್ತರ ಸ್ಥಾನಕ್ಕೆ ಅಂತಿಟ್ಟುಕೊಳ್ಳೋಣ. ಮೊದಲು ಹೋದದ್ದು ದೂರ ಹೋಗುತ್ತದೆ ಅಂದೆವಲ್ಲ, ಹಾಗಾಗಿ ಹತ್ತರ ಅಂಕಿಯನ್ನು ಮೊದಲು ಕಳಿಸಿ, ಬಿಡಿ ಅಂಕಿಯನ್ನು ಆಮೇಲೆ. 42 ತೋರಿಸಲು 102, ನಂತರ 91, ಕೊನೆಗೆ ಲ್ಯಾಚ್. ಬೋರ್ಡಿನಲ್ಲಿ 24 ಬಂತು ಅಂದರೆ ಕ್ರಮ ಉಲ್ಟಾ ಆಗಿದೆ, ವೈರು ಕೀಳಬೇಡಿ, ಕೋಡಿನಲ್ಲಿ ಎರಡು ಸಾಲು ಅದಲು ಬದಲು ಮಾಡಿ.

ಕೋಡನ್ನು ಮಾತಿನಲ್ಲೇ ಹೇಳುತ್ತೇನೆ. ಮೇಲಿನ ಹತ್ತು ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಇಡಿ. 'ತೋರಿಸು' ಅನ್ನುವ ಒಂದು ಫಂಕ್ಷನ್ ಬರೆಯಿರಿ. ಅದು ಟೋಕನ್ ಸಂಖ್ಯೆಯನ್ನು ಹತ್ತರಿಂದ ಭಾಗಿಸಿ ಹತ್ತರ ಅಂಕಿ ತೆಗೆಯಲಿ, ಶೇಷ ಬಿಡಿ ಅಂಕಿ. ಲ್ಯಾಚ್ ಇಳಿಸಲಿ, ಆರ್ಡುಯಿನೋದಲ್ಲೇ ಇರುವ ಶಿಫ್ಟ್‌ಔಟ್ ಫಂಕ್ಷನ್ನಿನಿಂದ ಎರಡೂ ಕೋಡ್ ಕಳಿಸಲಿ, ಲ್ಯಾಚ್ ಏರಿಸಲಿ. ಶಿಫ್ಟ್‌ಔಟ್‌ಗೆ ದೊಡ್ಡ ಬೆಲೆಯ ಬಿಟ್ ಮೊದಲು ಅಂತ ಹೇಳಿ. ಚಿಕ್ಕದು ಮೊದಲು ಅಂದರೆ ಎ ಮತ್ತು ಎಚ್ ತಿರುವುಮುರುವಾಗಿ ಅಂಕಿಯ ಬದಲು ಚಿತ್ತಾರ ಬರುತ್ತದೆ.

ಬಟನ್ನುಗಳು ಆರ್ಡುಯಿನೋದ 2 ಮತ್ತು 3ನೇ ಪಿನ್ನಿಗೆ, ಇನ್ನೊಂದು ತುದಿ ಗ್ರೌಂಡಿಗೆ, ಪುಲ್‌ಅಪ್ (ಬಟನ್ ಒತ್ತದಿರುವಾಗ ಪಿನ್ನನ್ನು 'ಒಂದು' ಆಗಿ ಹಿಡಿಯುವ ರೆಸಿಸ್ಟರ್) ಆನ್. ಪಿನ್ ಸೊನ್ನೆ ಆದರೆ 30 ಮಿಲಿಸೆಕೆಂಡ್ ಕಾದು ಮತ್ತೆ ನೋಡಿ. ಈಗಲೂ ಸೊನ್ನೆ ಇದ್ದರೆ ಮಾತ್ರ ಟೋಕನ್ ಒಂದು ಏರಿಸಿ. 99 ದಾಟಿದರೆ 1ಕ್ಕೆ ಬನ್ನಿ. ಬಟನ್ ಬಿಡುವವರೆಗೆ ಮುಂದಿನದನ್ನು ಎಣಿಸಬೇಡಿ. ಹಿಂದಕ್ಕೆ ಹೋಗುವ ಬಟನ್ ಬೇಡ ಅನಿಸಬಹುದು. ಬೇಕೇ ಬೇಕು, ರಶ್ಶಿನಲ್ಲಿ ಕೈ ತಾಗಿ ಎರಡು ಸಲ ಒತ್ತುವುದು ದಿನಾ ನಡೆಯುವ ಕತೆ.

ನಾಲ್ಕನೇ ಹೆಜ್ಜೆ: ಹೋಟೆಲಿಗೆ ಒಯ್ಯುವುದು

ಮೇಜಿನ ಮೇಲೆ ಓಡಿದ್ದು ಹೋಟೆಲಿನಲ್ಲಿ ಓಡಬೇಕಲ್ಲ. ಅಲ್ಲಿ ಮಿಕ್ಸರ್, ಗ್ರೈಂಡರ್, ಫ್ರಿಜ್ಜಿನ ಕಂಪ್ರೆಸರ್ ಎಲ್ಲ ಒಂದೇ ಲೈನಿನಲ್ಲಿ. ಮಿಕ್ಸರಿನ ಮೋಟಾರಿನಲ್ಲಿ ಕಾರ್ಬನ್ ಬ್ರಶ್ ಕಿಡಿ ಹಾರಿಸುತ್ತಲೇ ಇರುತ್ತದೆ. ಆ ಗಲಾಟೆ ವೈರಿನ ಮೂಲಕ ಕ್ಲಾಕ್ ಮತ್ತು ಲ್ಯಾಚ್ ಪಿನ್ನುಗಳಿಗೆ ಬಂದರೆ ಸುಳ್ಳು ಕ್ಲಾಕ್, ಸುಳ್ಳು ಲ್ಯಾಚ್. ಬಿಟ್ಟುಗಳು ಸರಿದು '42' ಇದ್ದಲ್ಲಿ ಅರ್ಥವಿಲ್ಲದ ಗೆರೆಗಳು.

ಮೊದಲ ಮದ್ದು ಜಾಗದ್ದು. ಆರ್ಡುಯಿನೋವನ್ನು ಅಡುಗೆಮನೆಯಲ್ಲಿಟ್ಟು ಡಿಸ್‌ಪ್ಲೇಗೆ ಉದ್ದ ವೈರ್ ಎಳೆಯಬೇಡಿ. ಆರ್ಡುಯಿನೋ ಮತ್ತು 595ಗಳು ಡಿಸ್‌ಪ್ಲೇ ಡಬ್ಬಿಯೊಳಗೇ ಇರಲಿ, ಉದ್ದ ವೈರು ಬಟನ್ನಿಗೆ ಮಾತ್ರ ಹೋಗಲಿ. ಬಟನ್ನಿನಲ್ಲಿ ಬಂದ ಗಲಾಟೆಯನ್ನು 30 ಮಿಲಿಸೆಕೆಂಡಿನ ಕಾಯುವಿಕೆ ನುಂಗುತ್ತದೆ, ಕ್ಲಾಕಿನಲ್ಲಿ ಬಂದದ್ದನ್ನು ನುಂಗುವವರು ಯಾರೂ ಇಲ್ಲ. ಬಟನ್ ವೈರಿಗೆ ಆರ್ಡುಯಿನೋ ಕಡೆ 4.7 ಕಿಲೋ ಓಮ್ ಪುಲ್‌ಅಪ್, 0.1 ಮೈಕ್ರೋಫ್ಯಾರಡ್ ಗ್ರೌಂಡಿಗೆ ಹಾಕಿ. ಬೋರ್ಡಿನ 5 ವೋಲ್ಟ್ ಬರುವ ಜಾಗದಲ್ಲಿ 100 ಮೈಕ್ರೋಫ್ಯಾರಡ್ ಕೂರಿಸಿ.

ಎರಡನೇ ಮದ್ದು ಕೋಡಿನದು, ನನಗೆ ಹೆಚ್ಚು ಇಷ್ಟವಾದದ್ದು. ಟೋಕನ್ ಬದಲಾದಾಗ ಮಾತ್ರ ಕಳಿಸುವ ಬದಲು ಸೆಕೆಂಡಿಗೊಮ್ಮೆ ಅದೇ ಸಂಖ್ಯೆಯನ್ನು ಮತ್ತೆ ಕಳಿಸಿ. ಏನಾದರೂ ಕೆಟ್ಟಿದ್ದರೂ ಮುಂದಿನ ಸೆಕೆಂಡಿಗೆ ಸರಿ. ಕೌಂಟರಿನಲ್ಲಿ ನಿಂತವರಿಗೆ ಗೊತ್ತೂ ಆಗುವುದಿಲ್ಲ.

ಪವರ್ ಹಾಕಿದ ಕ್ಷಣದಲ್ಲಿ 595ರೊಳಗೆ ಏನಿರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಟೋಕನ್ ಬೋರ್ಡಿಗಾದರೆ ಅರೆಕ್ಷಣದ ಕಸ ಅಷ್ಟೇ. ರಿಲೇಗಳನ್ನು ನಡೆಸುತ್ತಿದ್ದರೆ ಮಾತ್ರ ಇದು ಅಪಾಯ, ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಓಡಬಹುದು. ಚಿಪ್ಪಿನ 13ನೇ ಪಿನ್ನನ್ನು ಗ್ರೌಂಡಿನಿಂದ ಬಿಡಿಸಿ, 10 ಕಿಲೋ ಓಮ್ ಮೂಲಕ 5 ವೋಲ್ಟಿಗೆ ಎಳೆದು, ಆರ್ಡುಯಿನೋದ 9ಕ್ಕೆ ಕೊಡಿ. ಶುರುವಿನಲ್ಲಿ ಎಲ್ಲಕ್ಕೂ ಸೊನ್ನೆ ಕಳಿಸಿ ಲ್ಯಾಚ್ ಮಾಡಿ, ಆಮೇಲೆ 9ನ್ನು ಇಳಿಸಿ. ಇದರಲ್ಲಿ ಒಂದು ಪುಕ್ಕಟೆ ಲಾಭ: 9 ಪಿಡಬ್ಲ್ಯುಎಂ ಪಿನ್ನಾದ್ದರಿಂದ, ಅಂದರೆ ಬೇಗ ಬೇಗ ಏರಿಸಿ ಇಳಿಸಬಲ್ಲ ಪಿನ್ನಾದ್ದರಿಂದ, ರಾತ್ರಿ ಬೆಳಕು ತಗ್ಗಿಸಬಹುದು.

'ಮಾರಾಯ್ರೇ, ಇದು ಗಲ್ಲಾಪೆಟ್ಟಿಗೆಯಿಂದಲೇ ಕಾಣುವುದಿಲ್ಲ, ರಸ್ತೆಯಲ್ಲಿ ನಿಂತವರಿಗೆ ಹೇಗೆ ಕಂಡೀತು?' ಅಂತ ಹೋಟೆಲಿನವರು ಕೇಳಿದರೆ ತಪ್ಪಲ್ಲ. 0.56 ಇಂಚು ಕಲಿಯುವುದಕ್ಕೆ ಸರಿ, ಕೌಂಟರಿಗೆ 4 ಇಂಚು ಬೇಕು. ದೊಡ್ಡ ಅಂಕಿಗಳಲ್ಲಿ ಒಂದು ಸೆಗ್ಮೆಂಟಿನೊಳಗೆ ಹಲವು ಎಲ್‌ಇಡಿ ಸಾಲಾಗಿರುತ್ತವೆ, 5 ವೋಲ್ಟ್ ಸಾಲದು, 12 ಕೊಡಬೇಕು. ಕಾಮನ್ ಅನೋಡ್ ಮಾದರಿ ತಂದು, 74ಎಚ್‌ಸಿ595ರ ಜಾಗಕ್ಕೆ ಟಿಪಿಐಸಿ6ಬಿ595 ಹಾಕಿ. ಒಂದೊಂದು ಔಟ್‌ಪುಟ್ 150 ಮಿಲಿಆಂಪ್ ತಡೆಯುತ್ತದೆ, 50 ವೋಲ್ಟಿನವರೆಗೆ. ಅದು ಕರೆಂಟನ್ನು ಗ್ರೌಂಡಿಗೆ ಎಳೆಯುತ್ತದೆಯೇ ಹೊರತು ಹೊರಗೆ ಕೊಡುವುದಿಲ್ಲ. 1 ಕಳಿಸಿದರೆ ಎಳೆಯುತ್ತದೆ, ಆದ್ದರಿಂದ ಡಿಸ್‌ಪ್ಲೇ ಅನೋಡ್ ಆದರೂ ಕೋಡ್ ಪಟ್ಟಿ ಮೊದಲಿನದೇ. 255ರಿಂದ ಕಳೆಯುವುದು ಬೇಡ. ಕಾಲು 20, ಪಿನ್ನಿನ ಜೋಡಣೆ ಬೇರೆ, ಹಳೇ ಸಾಕೆಟ್ಟಿಗೆ ಕೂರುವುದಿಲ್ಲ. ಅದು ಸಿಗದಿದ್ದರೆ 595ರ ಮುಂದೆ ಹೀಗೇ ಕರೆಂಟ್ ಎಳೆಯುವ ಯುಎಲ್‌ಎನ್2803 ಚಿಪ್ಪು ಹಾಕಿದರೂ ಕೆಲಸ ಒಂದೇ. ಎರಡರಲ್ಲೂ ಸೆಗ್ಮೆಂಟಿಗೊಂದು ರೆಸಿಸ್ಟರ್ ಇರಲೇಬೇಕು, 12 ವೋಲ್ಟಿಗೆ ಲೆಕ್ಕ ಹೊಸದಾಗಿ ಮಾಡಿ.

ವೈಫೈ ಬೇಕು ಅಂತ ಆರ್ಡುಯಿನೋ ಬದಲು ಇಎಸ್‌ಪಿ32 ಬೋರ್ಡು ಹಿಡಿಯುವವರಿಗೆ ಒಂದು ಎಚ್ಚರಿಕೆ. ಅದರ ಸಿಗ್ನಲ್ 3.3 ವೋಲ್ಟ್. 5 ವೋಲ್ಟಿನಲ್ಲಿ ಓಡುವ 74ಎಚ್‌ಸಿ595ಕ್ಕೆ 'ಒಂದು' ಅನಿಸಬೇಕಾದರೆ 3.5 ವೋಲ್ಟ್ ಬೇಕು. ಒಂದು ದಿನ ಓಡುತ್ತದೆ, ಇನ್ನೊಂದು ದಿನ ಹಟ ಮಾಡುತ್ತದೆ. 74ಎಚ್‌ಸಿಟಿ595 ತನ್ನಿ. ಹೆಸರಿನಲ್ಲಿ 'ಟಿ' ಇದ್ದರೆ 2 ವೋಲ್ಟಿಗೇ 'ಒಂದು' ಅನ್ನುತ್ತದೆ.

ಓಡದಿದ್ದರೆ ಎಲ್ಲಿ ನೋಡುವುದು

ಏನೂ ಹತ್ತುತ್ತಿಲ್ಲ: ಚಿಪ್ಪಿನ 13ರಲ್ಲಿ ಸೊನ್ನೆ, 10ರಲ್ಲಿ 5 ವೋಲ್ಟ್ ಇದೆಯೇ ಮೀಟರಿನಲ್ಲಿ ನೋಡಿ. ಕೈ ಹತ್ತಿರ ತಂದರೆ ಅಂಕಿ ಬದಲಾಗುತ್ತದೆ: ಯಾವುದೋ ಇನ್‌ಪುಟ್ ಪಿನ್ ಎಲ್ಲಿಗೂ ಕಟ್ಟದೆ ತೇಲುತ್ತಿದೆ, ಸಾಮಾನ್ಯವಾಗಿ 10. ಮೊದಲ ಅಂಕಿ ಸರಿ, ಎರಡನೆಯದು ಸತ್ತಿದೆ: 9ರಿಂದ 14ಕ್ಕೆ ಹೋಗುವ ವೈರು. ಎರಡೂ ಅಂಕಿಯಲ್ಲಿ ಒಂದೇ ಸಂಖ್ಯೆ ಬರುತ್ತಿದೆ: ಎರಡನೇ ಚಿಪ್ಪಿನ 14ನ್ನು 9ರ ಬದಲು ಆರ್ಡುಯಿನೋಗೇ ಕಟ್ಟಿದ್ದೀರಿ.

ಬಟನ್ನು ಜಾಸ್ತಿಯಾದರೆ: 165

ಬೋರ್ಡು ಓಡತೊಡಗಿದ ಮೇಲೆ ಹೊಸ ಬೇಡಿಕೆ ಬರುತ್ತದೆ. ದೋಸೆ ಕಾವಲಿಯ ಹತ್ತಿರ ಒಂದು ಬಟನ್, ಚೈನೀಸ್ ಕೌಂಟರಿಗೆ ಒಂದು, ಜ್ಯೂಸಿಗೆ ಒಂದು. ಇದಕ್ಕೆ ಉಲ್ಟಾ ಕೆಲಸ ಮಾಡುವ 74ಎಚ್‌ಸಿ165 ಇದೆ. ಎಂಟು ಇನ್‌ಪುಟ್ಟನ್ನು ಒಂದೇ ಬಾರಿಗೆ ಹಿಡಿದು, ಒಂದೊಂದಾಗಿ ಒಂದೇ ವೈರಿನಲ್ಲಿ ಹೊರಗೆ ಕಳಿಸುತ್ತದೆ. ನಿಂಟೆಂಡೊದ ಹಳೇ ಟಿವಿ ಗೇಮಿನ ಕಂಟ್ರೋಲರಿನಲ್ಲಿ ಎಂಟು ಗುಂಡಿಗಳನ್ನು ಓದುತ್ತಿದ್ದದ್ದೂ ಇದೇ ಜಾತಿಯ 4021 ಚಿಪ್ಪು.

165ರ 1ನೇ ಪಿನ್ನನ್ನು ಒಂದು ಕ್ಷಣ ಇಳಿಸಿ ಏರಿಸಿದರೆ ಬಟನ್ನುಗಳ ಆಗಿನ ಸ್ಥಿತಿ ಒಳಗೆ ಬರುತ್ತದೆ. ಆಮೇಲೆ 2ನೇ ಪಿನ್ನಿಗೆ ಕ್ಲಾಕ್ ಕೊಡುತ್ತಾ 9ನೇ ಪಿನ್ನಿನಿಂದ ಓದಿ. ಇಲ್ಲಿ ಆರ್ಡುಯಿನೋದ ಶಿಫ್ಟ್‌ಇನ್ ಫಂಕ್ಷನ್ ಒಂದು ಬಿಟ್ ತಿನ್ನುತ್ತದೆ. ಅದು ಮೊದಲು ಕ್ಲಾಕ್ ಏರಿಸಿ ಆಮೇಲೆ ಓದುತ್ತದೆ. 165ರಲ್ಲಾದರೆ ಮೊದಲ ಬಿಟ್ ಕ್ಲಾಕ್ ಕೊಡುವ ಮೊದಲೇ 9ರಲ್ಲಿ ಬಂದು ನಿಂತಿರುತ್ತದೆ. ಕ್ಲಾಕ್ ಏರಿದ ಕೂಡಲೇ ಅದು ಹೋಯಿತು, ನಿಮಗೆ ಸಿಗುವುದು ಎರಡನೆಯದು. ಎಂಟನೇ ಇನ್‌ಪುಟ್ಟಿಗೆ ಕಟ್ಟಿದ ಬಟನ್ ಎಷ್ಟು ಒತ್ತಿದರೂ ಕೆಲಸ ಮಾಡುವುದಿಲ್ಲ. ಹಾಗಾಗಿ ಎಂಟು ಸುತ್ತಿನ ಲೂಪನ್ನು ನೀವೇ ಬರೆಯಿರಿ: ಮೊದಲು ಓದಿ, ಆಮೇಲೆ ಕ್ಲಾಕ್ ಏರಿಸಿ ಇಳಿಸಿ.

ಪ್ರತಿ ಬಟನ್ನಿಗೆ 10 ಕಿಲೋ ಓಮ್ ಪುಲ್‌ಅಪ್ ಹೊರಗಿನಿಂದಲೇ ಹಾಕಬೇಕು, 165ರೊಳಗೆ ಅದು ಇಲ್ಲ. ಬಳಸದ ಇನ್‌ಪುಟ್ಟುಗಳಿಗೂ ಪುಲ್‌ಅಪ್ ಇರಲಿ, ಇಲ್ಲದಿದ್ದರೆ ಯಾರೂ ಒತ್ತದ ಬಟನ್ ಒತ್ತಿದಂತೆ ಓದಿಕೊಳ್ಳುತ್ತದೆ. 15ನೇ ಪಿನ್ ಕ್ಲಾಕನ್ನು ತಡೆಯುವುದು, ಅದನ್ನೂ ಬಳಸದ 10ನ್ನೂ ಗ್ರೌಂಡಿಗೆ ಕಟ್ಟಿ.